ಜಾಂಬೆಜಿಯಲ್ಲಿ ನೆನೆದ ಐದು ರೋಲು

ಆ ಐದು ಫಿಲ್ಮ್ ರೋಲುಗಳು ನನ್ನ ಕೈಗೆ ಬಂದದ್ದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ತಂದವರು ವಿಜಾಪುರದ ಕಡೆಯ ಒಬ್ಬ ಹೆಂಗಸು. ಕೆಂಟನ್ನಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಅವರಿಗೆ ಕೆಲಸ. ಹಿಂದಿನ ವರ್ಷ ಹ್ಯಾರೋದ ಒಂದು ಸಭಾಂಗಣದಲ್ಲಿ ನಡೆದ ಕನ್ನಡದವರ ಯುಗಾದಿ ಊಟದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಫ್ಯಾರಿಂಗ್ಡನ್ ಹತ್ತಿರದ ಫೋಟೊ ಲ್ಯಾಬಿನಲ್ಲಿ ಫಿಲ್ಮ್ ತೊಳೆಯುತ್ತೇನೆ ಎಂದು ನಾನು ಹೇಳಿದ್ದು ಅವರಿಗೆ ನೆನಪಿತ್ತು. ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ, ಊಟದ ವೇಳೆಗೆ, ಆ ಡಬ್ಬಿಯನ್ನು ಎದೆಗವಚಿಕೊಂಡು ಲ್ಯಾಬಿಗೆ ಬಂದರು.

"ತಂಗಿ, ಇದನ್ನ ಒಂದಿಷ್ಟ ನೋಡವಾ. ಹೈಸ್ಟ್ರೀಟಿನ ಅಂಗಡಿಯಾಂವ ಮಷೀನು ಕೆಡತೈತಿ, ನಾ ಮುಟ್ಟಂಗಿಲ್ಲ ಅಂದ."

ಡಬ್ಬಿಯಲ್ಲಿ ಕರಿಯ ಪ್ಲಾಸ್ಟಿಕ್ಕಿನ ನಾಲ್ಕು ಸಣ್ಣ ಡಬ್ಬಿಗಳಿದ್ದವು, ಜೊತೆಗೆ ತುಕ್ಕು ಹಿಡಿದ ಒಂದು ಪುಟ್ಟ ಕ್ಯಾಮರಾ; ಐದನೆಯ ರೋಲು ಅದರೊಳಗೇ ಇತ್ತು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು.

"ಎಲ್ಲಿ ನೀರ್ರೀ ಇದು, ಅಕ್ಕಾರ?"

"ಆಫ್ರಿಕಾದ್ದು. ಜಾಂಬೆಜಿ ನದೀದು."

ಅವರಿಗೆ ಒಬ್ಬಳೇ ಮಗಳು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹುಡುಗಿ ಡಿಗ್ರಿ ಮುಗಿಸಿ, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ದಕ್ಷಿಣ ಆಫ್ರಿಕಾದ ಕಡೆ ಹೋಗಿದ್ದಳು. ಜಲಪಾತಗಳನ್ನು ನೋಡಬೇಕು, ಕಾಲಿಗೆ ಹಗ್ಗ ಕಟ್ಟಿಕೊಂಡು ಸೇತುವೆಯಿಂದ ಬಂಗೀ ಜಿಗಿಯಬೇಕು, ಜಾಂಬೆಜಿಯಲ್ಲಿ ರಾಫ್ಟ್ ಎಂಬ ರಬ್ಬರ್ ದೋಣಿಯ ಮೇಲೆ ಹೋಗಬೇಕು ಎಂದು ವರ್ಷಗಟ್ಟಲೆ ಪಟ್ಟಿ ಮಾಡಿಟ್ಟುಕೊಂಡಿದ್ದಳಂತೆ. ಐದು ವಾರ ತಿರುಗಿದಳು. ಕೊನೆಯಲ್ಲಿ ವಿಕ್ಟೋರಿಯಾ ಜಲಪಾತದ ಕೆಳಗಿನ ಕಮರಿಯಲ್ಲಿ ರಾಫ್ಟ್ ಮಗುಚಿತು. ಹೆಲ್ಮೆಟ್ ಇದ್ದರೂ ತಲೆ ಬಂಡೆಗೆ ಬಡಿಯಿತು. ಅವಳನ್ನು ಸಾಗಿಸಿದ್ದ ಜೋಹಾನ್ಸ್‌ಬರ್ಗಿನ ಆಸ್ಪತ್ರೆಗೆ ತಾಯಿ ಓಡಿದರು. ಹುಡುಗಿ ಬದುಕಿದಳು, ನಡೆದಾಡುತ್ತಾಳೆ, ಮಾತಾಡುತ್ತಾಳೆ. ನೆನಪಿನಿಂದ ಅಳಿಸಿ ಹೋಗಿದ್ದು ಆ ಐದು ವಾರ ಮಾತ್ರ. ಹೀಥ್ರೋದಲ್ಲಿ ವಿಮಾನ ಹತ್ತಿದ್ದು ನೆನಪಿದೆ. ಅದರ ಮುಂದಿನ ನೆನಪು ಆಸ್ಪತ್ರೆಯ ಚಾವಣಿ.

"ಹೀಥ್ರೋದಾಗ ನಾ ಬೈದಿದ್ದು ಮಾತ್ರ ಆಕೀಗೆ ಚೊಲೋ ನೆನಪೈತಿ," ಎಂದರು ತಾಯಿ. "ಒಬ್ಬಾಕಿನ ಹೊಂಟಾಳ ಅಂತ ಸಿಟ್ಟು ಬಂದಿತ್ತು. ಹೋದ್ರ ಹೋಗು, ತಿರುಗಿ ನನ್ನ ಮುಂದ ಅಳಬ್ಯಾಡ ಅಂದಿದ್ದೆ. ಈಗ ಅಳೂದೂ ಇಲ್ಲ, ನಗೂದೂ ಇಲ್ಲ. 'ಎಲ್ಲಾರೂ ನಾ ಹೋಗಿದ್ದೆ ಅಂತಾರ, ಆದ್ರ ನಾ ಹೋಗೇ ಇಲ್ಲ' ಅಂತಾಳ."

ರೋಲುಗಳನ್ನು ಹಾಸ್ಟೆಲ್ಲಿನಲ್ಲಿ ಬಿಟ್ಟರೆ ಕಳುವಾದಾವೆಂದು ಹುಡುಗಿ ಅವನ್ನೆಲ್ಲ ನೀರು ತಾಗದ ಚೀಲದಲ್ಲಿ ಕಟ್ಟಿ ರಾಫ್ಟಿಗೇ ಒಯ್ದಿದ್ದಳೆಂದು ರಾಫ್ಟಿನ ಗೈಡ್ ಒಂದು ಚೀಟಿಯಲ್ಲಿ ಬರೆದಿದ್ದ. ಚೀಲ ಹರಿದಿತ್ತು. ಎರಡು ಡಬ್ಬಿಗಳ ಮುಚ್ಚಳ ಬಿಗಿಯಾಗಿದ್ದು, ಒಳಹೊಕ್ಕ ನೀರು ಹಾಗೇ ಉಳಿದಿತ್ತು. ಇನ್ನೆರಡನ್ನು ತಾಯಿಯೇ ತೆರೆದು ಒಣಗಿಸಿದ್ದರು.

"ಹೀಟಿಂಗ್ ಹಚ್ಚಿ ರೇಡಿಯೇಟರ್ ಮ್ಯಾಲೆ ಇಟ್ಟಿದ್ದೆ. ಹಸಿ ಇದ್ರ ಕೆಡತಾವ ಅಂತ."

ಒದ್ದೆಯಾದ ಫಿಲ್ಮನ್ನು ಒಣಗಲು ಬಿಡಬಾರದು. ಫಿಲ್ಮಿನ ಮೇಲಿನ ಚಿತ್ರದ ಪದರ ಜಿಲೆಟಿನ್ನಿನದು. ನೀರಲ್ಲಿ ಉಬ್ಬುತ್ತದೆ, ಸುರುಳಿಯೊಳಗೇ ಒಣಗಿದರೆ ಅಂಟಿನ ಹಾಗೆ ಒಂದು ಸುತ್ತು ಇನ್ನೊಂದಕ್ಕೆ ಹಿಡಿದುಕೊಳ್ಳುತ್ತದೆ. ಇದನ್ನು ಅವರಿಗೆ ಆಗ ವಿವರಿಸಿ ಪ್ರಯೋಜನವಿರಲಿಲ್ಲ. "ಬಣ್ಣದಾಗ ತಗದು ಕೊಡ್ತೀನ್ರಿ," ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ನಮ್ಮ ಮ್ಯಾನೇಜರಿಗೆ ಡಬ್ಬಿ ತೋರಿಸಿದೆ. ಅವನು ಮೂಸಿ ನೋಡಿ ಮುಖ ಸಿಂಡರಿಸಿದ. ನದಿಯ ಕೆಸರು ಮಷೀನಿಗೆ ಹೋದರೆ ಆ ದಿನದ ಎಲ್ಲ ಗಿರಾಕಿಗಳ ಫಿಲ್ಮು ಹಾಳು ಎಂದ. ಅದು ನಿಜವೇ. ಬೇಕಾದರೆ ನೆಲಮಾಳಿಗೆಯ ಹಳೆಯ ಡಾರ್ಕ್‌ರೂಮಿನಲ್ಲಿ, ಕೈಯಿಂದ, ಊಟದ ವೇಳೆಯಲ್ಲೋ ಶನಿವಾರವೋ ಮಾಡಿಕೋ ಎಂದ. ಆ ಕೋಣೆ ಆಗಲೇ ಉಗ್ರಾಣವಾಗಿತ್ತು. ಕಾಗದದ ಪೆಟ್ಟಿಗೆಗಳನ್ನು ಹೊರಗೆ ಹಾಕಿ, ತೊಟ್ಟಿ ತಿಕ್ಕಿ, ಬಾಗಿಲ ಸಂದಿಗಳಿಗೆ ಕರಿಯ ಬಟ್ಟೆ ಹಚ್ಚಲು ನನಗೆ ಮೂರು ದಿನಗಳ ಊಟದ ವೇಳೆ ಹಿಡಿಯಿತು.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಊರಿನಲ್ಲೂ ಇಲ್ಲೂ ಸೇರಿ ಹದಿನೈದು ವರ್ಷ ಇದೇ ಕೆಲಸ ಮಾಡಿದವಳು ನಾನು. ಅದೇ ಧೈರ್ಯದಲ್ಲಿ, ಒಣಗಿದ ಎರಡು ರೋಲುಗಳಲ್ಲಿ ಒಂದನ್ನು ಮೊದಲು ಎತ್ತಿಕೊಂಡೆ. ಕತ್ತಲಲ್ಲಿ ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿದೆ. ಸುರುಳಿ ಬಿಚ್ಚಿಕೊಂಡಿತು, ಅಲ್ಲಲ್ಲಿ ಹಿಡಿದರೂ ಬಿಚ್ಚಿತು. ಅಷ್ಟಕ್ಕೇ ಹಿಗ್ಗಿ, ತುದಿಯ ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡುವ ರೂಢಿಯನ್ನು ಬಿಟ್ಟೆ. ಬಣ್ಣದ ಫಿಲ್ಮ್ ತೊಳೆಯುವ ದ್ರಾವಣ ಮೂವತ್ತೆಂಟು ಡಿಗ್ರಿ ಬಿಸಿ ಇರಬೇಕು. ಒಳ್ಳೆಯ ಫಿಲ್ಮಿಗೆ ಆ ಬಿಸಿ ಏನೂ ಮಾಡುವುದಿಲ್ಲ. ವಾರಗಟ್ಟಲೆ ನೆನೆದು, ಒಣಗಿ, ಮತ್ತೆ ನೆನೆದ ಜಿಲೆಟಿನ್ ಅದನ್ನು ತಡೆಯಲಿಲ್ಲ.

ತೊಳೆದು ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗಿನ ನೀರಿನಲ್ಲಿ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳ್ಳಗಿನ ಚೂರುಗಳು ತೇಲುತ್ತಿದ್ದವು. ಫಿಲ್ಮನ್ನು ಮೇಲೆತ್ತಿದೆ. ಬರೀ ಪಾರದರ್ಶಕ ಪಟ್ಟಿ. ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಯಾರದೋ ಒಂದು ಭುಜ, ಅದರ ಮೇಲೆ ಚೀಲದ ಪಟ್ಟಿ. ಬೆರಳು ಸ್ವಲ್ಪ ಅಲುಗಿತು, ಅದೂ ಹರಿಯಿತು.

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೇಲಿನಿಂದ ಮಷೀನುಗಳ ಸದ್ದು ಬರುತ್ತಿತ್ತು. ಮೂವತ್ತಾರು ಚಿತ್ರ. ಆ ಹುಡುಗಿಯ ಒಂದು ವಾರವಾದರೂ ಇದ್ದಿರಬೇಕು.

ಮರುದಿನ ಒಣಗಿದ ಇನ್ನೊಂದು ರೋಲಿನ ತುದಿಯಿಂದ ಎರಡು ಸಣ್ಣ ಚೂರು ಕತ್ತರಿಸಿದೆ. ಒಂದನ್ನು ಬಣ್ಣದ ಬಿಸಿ ದ್ರಾವಣದಲ್ಲಿ ಹಾಕಿದೆ: ಅಂಚುಗಳೆಲ್ಲ ಲಂಗದ ನಿರಿಗೆಯಂತೆ ಎದ್ದವು. ಇನ್ನೊಂದನ್ನು ಮೊದಲು ಪದರ ಗಟ್ಟಿಯಾಗುವ ಹಾಗೆ ಫಾರ್ಮಲಿನ್ ನೀರಿನಲ್ಲಿ ಅದ್ದಿ, ಆಮೇಲೆ ಕಪ್ಪು-ಬಿಳುಪು ಫಿಲ್ಮಿಗೆ ಬಳಸುವ ದ್ರಾವಣದಲ್ಲಿ, ಹದಿನೆಂಟೇ ಡಿಗ್ರಿಯಲ್ಲಿ, ನಿಧಾನವಾಗಿ ತೊಳೆದೆ. ಪದರ ನಿಂತಿತು. ಮಸುಕಾಗಿ ಹುಲ್ಲಿನ ಗೆರೆಗಳಂಥದ್ದೇನೋ ಕಂಡಿತು. ದಾರಿ ಸ್ಪಷ್ಟವಾಯಿತು: ಬಣ್ಣವನ್ನು ಬಿಟ್ಟುಕೊಟ್ಟರೆ ಚಿತ್ರ ಉಳಿಯಬಹುದು. ಒಮ್ಮೆ ಹಾಗೆ ತೊಳೆದರೆ ಮತ್ತೆ ಬಣ್ಣ ತರಿಸುವುದು ನನ್ನ ಕೈಲಾಗದ್ದು. ಇದನ್ನು ನಾನೊಬ್ಬಳೇ ನಿರ್ಧರಿಸುವಂತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಕೊಲಿಂಡೇಲಿನ ನನ್ನ ಮನೆಯಿಂದ ಬಸ್ಸು ಹಿಡಿದು ಕೆಂಟನ್ನಿಗೆ ಹೋದೆ. ಬಾಗಿಲು ತೆರೆದವಳು ಮಗಳೇ. ತಲೆಯ ಒಂದು ಬದಿಗೆ ಬೋಳಿಸಿದ್ದ ಕೂದಲು ಆಗಷ್ಟೇ ಚಿಗುರುತ್ತಿತ್ತು. ನಾನು ಕೂರುವ ಮೊದಲೇ ಹೇಳಿಬಿಟ್ಟೆ: ಒಂದು ರೋಲು ನನ್ನ ಕೈಯಲ್ಲಿ ಹಾಳಾಯಿತು, ಪರೀಕ್ಷೆ ಮಾಡದೆ ಬಿಸಿ ದ್ರಾವಣಕ್ಕೆ ಹಾಕಿದ್ದು ನನ್ನ ತಪ್ಪು.

"ಅಯ್ಯ, ಅದನ್ನ ಒಣಗಿಸಿದಾಕಿ ನಾನಲ್ಲೇನು," ಎಂದರು ತಾಯಿ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ನಿಂದೇನ್ ತಪ್ಪು ತಂಗಿ."

"ಇಲ್ರಿ ಅಕ್ಕಾರ, ತಪ್ಪು ನಂದ."

ಹುಡುಗಿ ಇಬ್ಬರನ್ನೂ ನೋಡಿದಳು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಂದರೆ ಆ ವಾರವನ್ನು ನಾನು ಎರಡು ಸಲ ಕಳೆದುಕೊಂಡೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಬಹುದು, ಬಣ್ಣ ಬರುವುದಿಲ್ಲ ಎಂದೆ.

ತಾಯಿಗೆ ಸರಿಬರಲಿಲ್ಲ. "ಅಲ್ಲಿ ನೀರಿನ ಮ್ಯಾಲೆ ಹಗಲೆಲ್ಲಾ ಕಾಮನಬಿಲ್ಲು ಇರತೈತಿ ಅಂತ ಆಸ್ಪತ್ರ್ಯಾಗಿನ ನರ್ಸ್ ಹೇಳಿದ್ಲು. ಅದೇ ಕಾಣದಿದ್ರ ಹೆಂಗ? ಇನ್ನೊಂದ್ ಸಲ ಬಣ್ಣದಾಗ ನೋಡಬಾರದ?"

"ನೋಡಬೌದ್ರಿ. ಹೋದ್ರ ಪೂರ್ತಿ ಹೋಗತೈತಿ."

"ಲೀವ್ ಇಟ್, ಅಮ್ಮಾ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ಕಾಮನಬಿಲ್ಲು ಹೇಗಿರುತ್ತದೆ ಅಂತ ನನಗೆ ಗೊತ್ತು. ನಾನು ಅಲ್ಲಿ ಏನು ಮಾಡಿದೆ ಅನ್ನೋದು ಗೊತ್ತಿಲ್ಲ. ಅದಷ್ಟನ್ನು ಉಳಿಸಿ," ಎಂದಳು.

ಮುಂದಿನ ಎರಡು ವಾರ ನನ್ನ ಊಟದ ವೇಳೆಯೆಲ್ಲ ನೆಲಮಾಳಿಗೆಯಲ್ಲೇ ಕಳೆಯಿತು. ಒಣಗಿದ ರೋಲನ್ನು ಈ ಸಲ ಮೂರು ದಿನ, ನೀರು ಬದಲಿಸುತ್ತ, ಕತ್ತಲ ಡಬ್ಬದಲ್ಲಿ ನೆನೆಸಿದೆ. ಬಣ್ಣದ ಫಿಲ್ಮಿಗೆ ಕೆಂಪು ದೀಪವೂ ಆಗದು. ಎಲ್ಲ ಕೆಲಸವೂ ಗಾಢ ಕತ್ತಲಲ್ಲೇ. ನೀರೊಳಗೆ ಕೈಯಿಟ್ಟು, ಹೆಬ್ಬೆರಳಿನ ತುದಿಯಿಂದ ಸುತ್ತುಗಳ ನಡುವೆ ನೀರು ನುಗ್ಗಿಸುತ್ತ, ಉಗುರು ತಾಗದ ಹಾಗೆ ಬಿಡಿಸಬೇಕು. ಹಿಡಿದುಕೊಂಡ ಕಡೆ ಎಳೆಯಬಾರದು. ಅದು ತಾನಾಗಿ ಬಿಡುವವರೆಗೆ ಕಾಯಬೇಕು. ಗಡಿಯಾರ ಕಾಣದ್ದರಿಂದ ಒಂದು ಸಣ್ಣ ರೇಡಿಯೊ ಇಟ್ಟುಕೊಂಡಿದ್ದೆ. ವಾರ್ತೆ ಬಂದರೆ ಒಂದು ಗಂಟೆಯಾಯಿತೆಂದು ಲೆಕ್ಕ. ಮೊದಲ ದಿನ ಅರ್ಧ ರೋಲು ಬಿಟ್ಟಿತು. ಮರುದಿನ ಉಳಿದರ್ಧದಲ್ಲಿ ಆರು ಚಿತ್ರಗಳ ಜಾಗ ಒಂದಕ್ಕೊಂದು ಎಷ್ಟು ಹತ್ತಿಕೊಂಡಿತ್ತೆಂದರೆ ಕತ್ತರಿಯಿಂದ ಅಷ್ಟನ್ನು ಬೇರೆ ಮಾಡಿ ಕೈಬಿಟ್ಟೆ.

ನೀರಿನಲ್ಲೇ ಉಳಿದಿದ್ದ ಎರಡು ರೋಲುಗಳು ಸುಲಭವಾಗಿ ಬಿಚ್ಚಿದವು. ವಾಸನೆ ಮಾತ್ರ ಕೊಳೆತ ಕೆರೆಯದು. ಪದರ ಲೋಳೆಯಾಗಿತ್ತು, ಫಾರ್ಮಲಿನ್ನಿನಲ್ಲಿ ಹೆಚ್ಚು ಹೊತ್ತು ಇಟ್ಟೆ. ಕ್ಯಾಮರಾದೊಳಗಿನ ಐದನೆಯ ರೋಲು ತುಕ್ಕಿನೊಂದಿಗೆ ಒಂದು ಮುದ್ದೆಯಾಗಿ ಹೋಗಿತ್ತು. ಪ್ರವಾಸದ ಕೊನೆಯ ಕೆಲವು ದಿನ ಅದರಲ್ಲಿದ್ದಿರಬೇಕು. ಅದನ್ನು ಎಸೆಯಲು ಮನಸ್ಸಾಗದೆ ಕಾಗದದಲ್ಲಿ ಸುತ್ತಿಟ್ಟೆ.

ಮೊದಲ ನೆಗೆಟಿವ್ ಪಟ್ಟಿಯನ್ನು ಒಣಗಲು ತೂಗುಹಾಕಿ ದೀಪ ಹಾಕಿದ್ದು ಒಂದು ಗುರುವಾರ. ಕಿತ್ತಳೆ ಬಣ್ಣದ ತಳದ ಮೇಲೆ ಕಲೆಗಳು, ಗೀರುಗಳು, ಅವುಗಳ ನಡುವೆ ಒಂದು ದೊಡ್ಡ ಕರಿಯ ಗೋಡೆ. ನೆಗೆಟಿವಿನಲ್ಲಿ ಬೆಳ್ಳಗಿನದೆಲ್ಲ ಕಪ್ಪು. ಆ ಗೋಡೆ ನೀರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಬೇರೆಯವರ ಪ್ರವಾಸಗಳನ್ನು ತೊಳೆಯುವುದೇ ನನ್ನ ಕೆಲಸವಾಗಿತ್ತು. ಪಿರಮಿಡ್ಡು, ಹಿಮದ ಬೆಟ್ಟ, ಕಡಲ ತೀರ ಎಲ್ಲವನ್ನೂ ತಲೆಕೆಳಗಾಗಿ, ಕರಿದು ಬಿಳಿಯಾಗಿ ನೋಡಿದವಳು. ಎಂದೂ ಏನೂ ಅನಿಸಿರಲಿಲ್ಲ. ಅಂದು ಮಾತ್ರ ಆ ಪಟ್ಟಿಯ ಕೆಳಗೆ ನಿಂತಾಗ ನನ್ನೂರು ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ. ನಮ್ಮಪ್ಪ ಅಲ್ಲಿಯ ನೂಲಿನ ಗಿರಣಿಯಲ್ಲಿದ್ದರು. ಆಷಾಢದಲ್ಲಿ ಘಟಪ್ರಭೆ ತುಂಬಿ ಬಂದರೆ ಗಿರಣಿಯ ಚಾಳಿನ ಗೋಡೆಗಳು ಸಣ್ಣಗೆ ನಡುಗುತ್ತಿದ್ದವು, ಅಡುಗೆಮನೆಯ ಪಾತ್ರೆಗಳು ತಾವಾಗಿ ಸದ್ದು ಮಾಡುತ್ತಿದ್ದವು. ಊರು ಬಿಟ್ಟು ಒಂಬತ್ತು ವರ್ಷವಾಗಿತ್ತು. ವೀಸಾ ಕಾಗದಗಳು ಹೋಂ ಆಫೀಸಿನಲ್ಲಿವೆ, ರಜೆ ಇಲ್ಲ, ಮುಂದಿನ ವರ್ಷ ನೋಡೋಣ ಎಂದು ನಾನೇ ಮುಂದೂಡುತ್ತ ಬಂದಿದ್ದೆ. ನೀರು ಬೀಳುವುದನ್ನು ನೋಡದೆ ಒಂಬತ್ತು ಮಳೆಗಾಲ ಕಳೆದಿವೆ ಎಂದು ಲೆಕ್ಕ ಹಾಕಿದ್ದು ಆ ಗುರುವಾರವೇ.

ಪ್ರಿಂಟ್ ಮಾಡುವುದೂ ಸುಲಭವಿರಲಿಲ್ಲ. ಕಿತ್ತಳೆ ತಳದಿಂದ ಬೆಳಕು ಸರಿಯಾಗಿ ಹಾಯುವುದಿಲ್ಲ. ಹತ್ತು ಸೆಕೆಂಡು ಸಾಕಾಗುವ ಕಡೆ ಒಂದೂವರೆ ನಿಮಿಷ ಕೊಡಬೇಕಾಯಿತು. ಕಪ್ಪು-ಬಿಳುಪನ್ನು ಎತ್ತಿ ತೋರಿಸುವ ಎಷ್ಟು ಗಡುಸಾದ ಕಾಗದ ಬಳಸಿದರೂ ಚಿತ್ರ ಮಂಜು ಕವಿದಂತೆ ಬರುತ್ತಿತ್ತು. ಕೊನೆಗೆ ಐವತ್ತೆಂಟು ಚಿತ್ರಗಳು ಉಳಿದವು. ಮ್ಯಾನೇಜರ್ ಒಮ್ಮೆ ಕೆಳಗಿಳಿದು ಬಂದು, ಒದ್ದೆ ಪ್ರಿಂಟುಗಳ ಸಾಲನ್ನು ನೋಡಿ, ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ಕಾಗದ ತೆಗೆದು ನನ್ನ ಮುಂದಿಟ್ಟು ಹೋದ.

ಸೆಪ್ಟೆಂಬರಿನ ಇನ್ನೊಂದು ಶನಿವಾರ, ಕೆಂಟನ್ನಿನ ಆ ಮನೆಯ ಊಟದ ಟೇಬಲ್ ಮೇಲೆ ಅವನ್ನೆಲ್ಲ ಹರಡಿದೆ. ಮಗಳು ತನ್ನ ಪಾಸ್‌ಪೋರ್ಟನ್ನೂ ಗೈಡ್ ಪುಸ್ತಕವನ್ನೂ ತಂದಳು. ಪುಸ್ತಕದ ಅಂಚಿನಲ್ಲಿ ಅವಳದೇ ಪೆನ್ಸಿಲ್ ಟಿಪ್ಪಣಿಗಳಿದ್ದವು. ಅವುಗಳ ಸಹಾಯದಿಂದ ಚಿತ್ರಗಳನ್ನು ಒಂದು ಕ್ರಮಕ್ಕೆ ತರತೊಡಗಿದೆವು.

ಮೊದಲು ಡ್ರಾಕೆನ್ಸ್‌ಬರ್ಗ್ ಬೆಟ್ಟ. ಬಂಡೆಗೆ ಬಿಗಿದ ಸರಪಳಿಯ ಏಣಿ, ಮೇಲಿನಿಂದ ತೆಗೆದದ್ದು. ಚೌಕಟ್ಟಿನ ಕೆಳಗೆ ಅವಳ ಬೂಟುಗಳ ತುದಿ. ಪುಸ್ತಕದ ಅಂಚಿನಲ್ಲಿ ಅವಳೇ ಬರೆದಿದ್ದಳು: ಕೆಳಗೆ ನೋಡಬೇಡ. ಅಲ್ಲಿಯ ಟುಗೆಲಾ ಜಲಪಾತ ಚಳಿಗೆ ಅರ್ಧ ಹೆಪ್ಪುಗಟ್ಟಿ ಬಂಡೆಗೆ ಅಂಟಿಕೊಂಡಿತ್ತು. ಆಮೇಲೆ ಆಗ್ರಬೀಸ್ ಜಲಪಾತ: ಬೋಳು ಕಲ್ಲಿನ ನಡುವೆ ಸೀಳಿ ಬೀಳುವ ನೀರು. ಪಾಸ್‌ಪೋರ್ಟಿನಲ್ಲಿ ನಮೀಬಿಯಾದ ಮುದ್ರೆ ಇದ್ದ ಪುಟಕ್ಕೆ ಹೊಂದಿದ್ದು ಒಂದು ಲಾರಿಯ ಹಿಂಭಾಗ, ಮೂಟೆಗಳ ಮೇಲೆ ಕೂತು ಕಬ್ಬು ಸಿಗಿಯುತ್ತಿರುವ ಇಬ್ಬರು ಹೆಂಗಸರು, ಅವರ ನಡುವೆ ಇವಳು. ಆಮೇಲೆ ಜಾಂಬಿಯಾ. ಎತ್ತರದ ಉಕ್ಕಿನ ಸೇತುವೆ, ಟವೆಲ್ ಸುತ್ತಿ ಪಟ್ಟಿ ಬಿಗಿದ ಎರಡು ಕಾಲು, ಜಿಗಿಯುವ ಹಲಗೆಯ ಅಂಚು. ಅದರ ಮುಂದಿನ ಚಿತ್ರ ಯಾರೋ ತೆಗೆದದ್ದು: ತೋಳು ಚಾಚಿ ನಿಂತ ಅವಳ ಮುಖ, ಹೆದರಿಕೆಯಿಂದ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಪೂರ್ತಿ ತೆರೆದು ನಗುತ್ತಿತ್ತು.

ತಾಯಿ ಅದನ್ನು ಕೈಗೆತ್ತಿಕೊಂಡರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಇಷ್ಟು ನಗತಿದ್ದೇನು ನೀ?"

ಮಗಳು ತಾಯಿಯ ಭುಜದ ಮೇಲಿಂದ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಚಿತ್ರ, ಒಂದೇ ಒಂದು ಚಿತ್ರ ಒಳಗಿನದನ್ನು ತೆರೆದೀತೆಂದು ಆ ಎರಡು ವಾರವೂ ಆಸೆಪಟ್ಟಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಏನೂ ನೆನಪಿಲ್ಲ, ಆಂಟಿ. ಸಾರಿ. ಈ ಚಿತ್ರದವಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತೆ."

ತಾಯಿ ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು.

ಟೇಬಲ್ ಮೇಲೆ ಉಳಿದಿದ್ದವು ವಿಕ್ಟೋರಿಯಾ ಜಲಪಾತದ ಹನ್ನೊಂದು ಚಿತ್ರಗಳು. ಲೆನ್ಸಿನ ಮೇಲೆ ಹನಿಗಳು ಕೂತಿದ್ದವು. ತುಂತುರು ಹೊಗೆಯಂತೆ ಎದ್ದು ಅರ್ಧ ಆಕಾಶ ಮುಚ್ಚಿತ್ತು. ಮಗಳು ಗೈಡ್ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿಯ ಜನ ಅದನ್ನು ಗುಡುಗುವ ಹೊಗೆ ಎಂದು ಕರೆಯುತ್ತಾರೆಂದು ಅದರಲ್ಲಿತ್ತು.

"ಹೊಗೆ ಇಲ್ಲಿದೆ," ಎಂದಳು. "ಗುಡುಗು ಹೇಗಿತ್ತು ಅಂತ ಯಾರನ್ನು ಕೇಳಲಿ?"

"ನನಗ ಆ ನೀರು ಗೊತ್ತಿಲ್ಲವಾ," ಎಂದೆ. "ನಮ್ಮೂರಿಂದು ಗೊತ್ತು." ಹೇಳತೊಡಗಿದೆ. ನೀರು ಕಣ್ಣಿಗೆ ಬೀಳುವ ಮೊದಲೇ ಅದರ ಗಾಳಿ ಬಂದು ಮುಖಕ್ಕೆ ತಾಗುವುದು, ತೂಗುಸೇತುವೆಯ ಮೇಲೆ ನಿಂತರೆ ಸದ್ದು ಅಂಗಾಲಿನಿಂದ ಹತ್ತಿ ಬರುವುದು, ಪಕ್ಕದವರ ಮಾತು ಕೇಳದೆ ಎಲ್ಲರೂ ಕೈಸನ್ನೆ ಮಾಡುವುದು. ಹೇಳುತ್ತ ಹೇಳುತ್ತ ನನಗೇ ಅನುಮಾನ ಬಂತು. ಒಂಬತ್ತು ವರ್ಷದಲ್ಲಿ ನಾನು ಇದನ್ನು ನೆನಪಿನಲ್ಲಿ ಸರಿಯಾಗಿ ಇಟ್ಟುಕೊಂಡಿದ್ದೇನೆಯೇ, ಇಲ್ಲ ಬೇಕಾದಂತೆ ಕಟ್ಟಿಕೊಂಡಿದ್ದೇನೆಯೇ?

"ಅಕ್ಕಾರ, ಒಂದ್ ಫೋನ್ ಮಾಡ್ಲ್ಯಾ?"

ನನ್ನ ಪರ್ಸಿನಲ್ಲಿ ಊರಿಗೆ ಮಾತಾಡುವ ಕಾಲಿಂಗ್ ಕಾರ್ಡಿತ್ತು. ನಮ್ಮಣ್ಣ ಫಾಲ್ಸಿನ ರಸ್ತೆಯಲ್ಲೇ ಎಸ್‌ಟಿಡಿ ಬೂತ್ ಇಟ್ಟಿದ್ದಾನೆ. ನಮಗೆ ಮಧ್ಯಾಹ್ನ ಹನ್ನೆರಡಾದರೆ ಅಲ್ಲಿ ಇನ್ನೂ ಸಂಜೆಯ ಬೆಳಕಿರುತ್ತದೆ. ನಾಲ್ಕನೆಯ ಸಲಕ್ಕೆ ಲೈನು ಸಿಕ್ಕಿತು.

"ಏನವಾ, ಈ ಹೊತ್ತಿನಾಗ? ಎಲ್ಲಾ ಆರಾಮ ಅದೀರಿಲ್ಲ?"

"ಆರಾಮ ಅದೀವಿ. ಅಣ್ಣಾ, ನೀರು ಹೆಂಗೈತಿ?"

"ಡ್ಯಾಮಿಂದ ಬಿಟ್ಟಾರ. ಕೆಂಪ ನೀರು, ದಂಡಿ ತುಂಬಿ ಬೀಳಾಕತ್ತೈತಿ. ಯಾಕ?"

"ಫೋನ್ ಹೊರಗ ಹಿಡಿ."

"ಏನ್ ಹಿಡೀಲಿ?"

"ರಿಸೀವರ್ ಬಾಗಿಲಿನಿಂದ ಹೊರಗ ಹಿಡಿಯೋ, ನೀರಿನ ಕಡೆ. ಇಲ್ಲೊಬ್ಬಾಕಿ ಕೇಳಬೇಕಾಗೈತಿ."

ಅವನು ಏನೋ ಗೊಣಗಿದ. ವೈರು ಜಗ್ಗುವ ಸದ್ದು, ಕುರ್ಚಿ ಸರಿದ ಸದ್ದು. ನಾನು ಫೋನನ್ನು ಹುಡುಗಿಯ ಕೈಗೆ ಕೊಟ್ಟೆ.

ಅವಳು ಅದನ್ನು ಬೋಳಿಸದ ಬದಿಯ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಇನ್ನೊಂದು ಕೈ ಟೇಬಲ್ ಮೇಲೆ, ಚಿತ್ರಗಳ ನಡುವೆ ಇತ್ತು. ಚಹಾ ತಂದ ತಾಯಿ ಬಾಗಿಲಲ್ಲೇ ನಿಂತರು. ಹುಡುಗಿ ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ಅಪರೂಪಕ್ಕೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕುತ್ತ ಕೇಳಿದಳು: "ಆಂಟಿ, ಅಲ್ಲಿಂದು ಇದಕಿಂತ ದೊಡ್ಡದು?"

"ಬಾಳ ದೊಡ್ಡದು. ಇದು ಅದರ ಮುಂದ ಕೂಸು."

"ಹಂಗಾದ್ರ ನಾ ಮತ್ತ ಹೋಗಬೇಕು," ಎಂದಳು.

ನಾನು ತಾಯಿಯ ಮುಖ ನೋಡಿದೆ. ಅವರು ಟ್ರೇ ಕೆಳಗಿಟ್ಟರು. ಫೋನಿಗೆ ಕೈ ಚಾಚಿ ತಾವೂ ಕಿವಿಗೆ ಹಿಡಿದುಕೊಂಡರು. "ಲೈನಿನ ಸದ್ದೋ ನೀರಿನ ಸದ್ದೋ ತಿಳೀವಲ್ದು," ಎಂದರು ಮೊದಲು. ಆಮೇಲೆ, ಮಗಳನ್ನು ನೋಡದೆ, "ಈ ಸಲ ನಾನೂ ಬರ್ತೀನಿ. ಜಿಗಿಯಂಗಿಲ್ಲ ಮತ್ತ. ದಂಡಿಮ್ಯಾಲೆ ಕುಂಡರತೀನಿ," ಎಂದರು.

"ಅಮ್ಮಾ, ನಿಂಗೆ ಎಸ್ಕಲೇಟರ್ ಅಂದ್ರೇನೇ ಭಯ," ಎಂದು ಮಗಳು ಮತ್ತೆ ಇಂಗ್ಲಿಷಿಗೆ ಹೊರಳಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾಯಿ ಕಣ್ಣೊರೆಸಿಕೊಳ್ಳುತ್ತ ಫೋನನ್ನು ನನ್ನ ಕೈಗಿತ್ತರು.

ನಾನೂ ಕೇಳಿದೆ. ದೂರದಲ್ಲಿ ಒಂದು ಬಸ್ಸಿನ ಹಾರ್ನು, ಶೇಂಗಾ ಮಾರುವವನ ಕೂಗು, ಅವೆರಡರ ಹಿಂದೆ ಎಲ್ಲೂ ತುಂಡಾಗದ ಒಂದು ಮೊರೆತ. ಅದು ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ದಪ್ಪವಾಗಿತ್ತು. ಕಾರ್ಡಿನಲ್ಲಿ ಒಂದು ನಿಮಿಷ ಉಳಿದಿದೆ ಎಂದು ಯಂತ್ರದ ಹೆಂಗಸು ಹೇಳಿದಳು. ಆಗ ಅಣ್ಣ ರಿಸೀವರನ್ನು ಮತ್ತೆ ಒಳಗೆ ತಂದುಕೊಂಡ.

"ಕೈ ನೋಯಾಕತ್ತೈತವಾ. ಕೇಳಿಸ್ತೇನು ಅವ್ರಿಗೆ?"

"ಕೇಳಿಸ್ತು."

"ಚೊಲೋ ಆತು," ಎಂದ. "ಮತ್ತ ನೀ ಯಾವಾಗ ಬರ್ತಿ?"